ಗೆದ್ದಲಿನ ಮಡಿ, ಬಚ್ಚಲಿನ ಅಣಬೆ

ಮದುವೆ ಊಟವೊಂದನ್ನು ಮುಗಿಸಿ ಬಂದಾಗಿನಿಂದ ಒಂದು ಮಾತು ನನ್ನ ತಲೆ ತಿನ್ನುತ್ತಿದೆ. ನೆಂಟರ ಮದುವೆ, ಬೆಂಗಳೂರಿನ ಛತ್ರ. ಮಧ್ಯಾಹ್ನ ಈರುಳ್ಳಿ ಬೆಳ್ಳುಳ್ಳಿ ಸೋಕದ ಬಾಳೆಯೆಲೆ ಊಟ. ಸಂಜೆ ಅದೇ ಛತ್ರದ ಮಹಡಿಯಲ್ಲಿ ಆರತಕ್ಷತೆ, ತಟ್ಟೆ ಹಿಡಿದು ನಿಂತು ತಿನ್ನುವ ವ್ಯವಸ್ಥೆ. ಟ್ರೇ ಹಿಡಿದ ಹುಡುಗರು ಓಡಾಡುತ್ತಿದ್ದರು. ಟ್ರೇಯಲ್ಲಿ ಕರಿಮೆಣಸಿನ ಪುಡಿ ಮೆತ್ತಿಕೊಂಡ ಕಂದು ತುಂಡುಗಳು, ಒಂದೊಂದಕ್ಕೂ ಚುಚ್ಚಿದ ಹಲ್ಲುಕಡ್ಡಿ. ಎಂಬತ್ತರ ಹತ್ತಿರವಿರುವ, ಇವತ್ತಿಗೂ ಸಂಧ್ಯಾವಂದನೆ ತಪ್ಪಿಸದ ದೊಡ್ಡಪ್ಪ ಅಷ್ಟರಲ್ಲಿ ಮೂರು ತುಂಡು ತಿಂದಾಗಿತ್ತು. "ಚೆನ್ನಾಗಿದೆ, ಇದೇನು, ಸೋಯಾವೇ?" ಎಂದರು. "ಅಲ್ಲ ದೊಡ್ಡಪ್ಪ, ಅಣಬೆ" ಎಂದೆ. ದವಡೆ ನಿಂತಿತು. ಹಲ್ಲುಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರು. "ನಾಯಿಕೊಡೆಯೇ?" ಹೌದು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಅಡುಗೆಯವರು ನಮ್ಮವರೇ ತಾನೆ?" ಎಂದು ಕೇಳಿ, ಟ್ರೇಯ ಹುಡುಗನನ್ನು ಕೈಸನ್ನೆಯಲ್ಲಿ ಕರೆದು ನಾಲ್ಕನೆಯದನ್ನು ತೆಗೆದುಕೊಂಡರು.

ಅವತ್ತು ರಾತ್ರಿ ಇದನ್ನು ಮನೆಯವರಿಗೆಲ್ಲ ಹೇಳಿ ನಗಿಸಿದೆ. ನಗು ಮುಗಿದ ಮೇಲೆ ಮಾತು ಮಾತ್ರ ಉಳಿಯಿತು. ಅಣಬೆ ಎಲ್ಲಿ ಹುಟ್ಟಿತು, ಯಾವುದರ ಮೇಲೆ ಹುಟ್ಟಿತು ಎಂಬುದೆಲ್ಲ ದೊಡ್ಡಪ್ಪನಿಗೆ ಒಂದೇ ಕ್ಷಣದಲ್ಲಿ ಬೇಡವಾಯಿತು. ಯಾರ ಕೈ ತಾಗಿತು ಎಂಬುದು ಬೇಕಾಯಿತು. ನಾನು ಎರಡು ವರ್ಷಗಳಿಂದ ಮನೆಯ ಹಿಂದಿನ ಬಚ್ಚಲಿನಲ್ಲಿ ಅಣಬೆ ಬೆಳೆಯುವ ಹುಚ್ಚು ಹಚ್ಚಿಕೊಂಡಿದ್ದೇನೆ. ಆ ಕೆಲಸದಲ್ಲಿ ಕಲಿತದ್ದಕ್ಕೂ ದೊಡ್ಡಪ್ಪನ ಪ್ರಶ್ನೆಗೂ ಏನೋ ಸಂಬಂಧವಿದೆ ಎಂದು ಅನ್ನಿಸುತ್ತಲೇ ಇದೆ. ಅದನ್ನು ಬಿಡಿಸಿಕೊಳ್ಳಲು ಬರೆಯುತ್ತಿದ್ದೇನೆ.

ಸೊಪ್ಪಿನ ಬೆಟ್ಟದ ಅಕ್ಕ

ನಾನು ಹುಟ್ಟಿದ್ದು ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ. ನಮ್ಮ ಅಡುಗೆಮನೆಗೆ ಬೆಳ್ಳುಳ್ಳಿ ಬರುತ್ತಿರಲಿಲ್ಲ, ಅಣಬೆಯಂತೂ ಮಾತಿನಲ್ಲೂ ಬರುತ್ತಿರಲಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ವಿಜರು ತಿನ್ನಬಾರದ ವಸ್ತುಗಳ ಸಾಲು ಬರುತ್ತದೆ. ಬೆಳ್ಳುಳ್ಳಿ, ಈರುಳ್ಳಿ, 'ಕವಕ' ಎಂದರೆ ಅಣಬೆ, ಮತ್ತು 'ಅಮೇಧ್ಯಪ್ರಭವ', ಅಶುದ್ಧದಿಂದ ಹುಟ್ಟಿದವು. ಅಜ್ಜಿ ಆ ಶ್ಲೋಕ ಓದಿದವರಲ್ಲ, ಆದರೆ ಅದರ ಒಂದಕ್ಷರವನ್ನೂ ಮೀರಿದವರಲ್ಲ. (ಕವಕ ಎಂಬ ಆ ಪದಕ್ಕೆ ಮಾತ್ರ ಒಳ್ಳೆಯ ಕಾಲ ಬಂದಿದೆ. ಹಿಂದಿಯ ವಿಜ್ಞಾನ ಪುಸ್ತಕಗಳಲ್ಲಿ ಇಡೀ ಶಿಲೀಂಧ್ರ ಕುಲಕ್ಕೇ ಈಗ ಅದೇ ಹೆಸರು.)

ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸನ್ನು ನಾವು ಮಕ್ಕಳೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಮಳೆ ಹಿಡಿದು ಹದಿನೈದು ದಿನ ಕಳೆದು, ನಡುವೆ ಎರಡು ದಿನ ಬಿಸಿಲು ಬಿದ್ದು, ಮತ್ತೆ ಗುಡುಗಿದ ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಸೊಪ್ಪಿನ ಬೆಟ್ಟಕ್ಕೆ ಕರೆದುಕೊಂಡು ಹೋದರು. ಕರೆದುಕೊಂಡು ಹೋದರು ಎಂದರೆ ಸುಳ್ಳಾದೀತು, ನಾನೇ ಹಿಂದೆ ಬಿದ್ದು ಹೋದದ್ದು. ದಾರಿಯಲ್ಲಿ ಒಂದು ಕರಾರು ಹಾಕಿದರು: ಜಾಗ ಯಾರಿಗೂ ಹೇಳಬಾರದು, ಅವರ ಸ್ವಂತ ತಂಗಿಗೂ ಹೇಳಬಾರದು. ಕೊಳೆತ ಎಲೆಗಳ ನಡುವೆ, ಹುತ್ತವೆಂದು ಗೊತ್ತೇ ಆಗದಷ್ಟು ತಗ್ಗಾಗಿದ್ದ ಒಂದು ದಿಬ್ಬದ ಸುತ್ತ ಅಣಬೆಗಳು ಎದ್ದಿದ್ದವು. ಮೂವತ್ತೋ ನಲವತ್ತೋ ಇರಬಹುದು. ಕೆಲವು ಇನ್ನೂ ಮೊಗ್ಗು, ಬೂದು ಬಣ್ಣದ ಚೂಪು ಮೂತಿ ಮಾತ್ರ ಮಣ್ಣಿನಿಂದ ಹೊರಗೆ. ಅರಳಿದವು ಅಂಗೈಯಗಲ, ನಡುವೆ ಕಪ್ಪನೆಯ ಮೊನೆ, ಅಂಚು ಅಲ್ಲಲ್ಲಿ ಸೀಳಿದ್ದವು. ನಾನು ಒಂದನ್ನು ಹಿಡಿದು ಜಗ್ಗಿದೆ, ತುಂಡಾಯಿತು. ಅಕ್ಕ ನನ್ನ ಕೈ ಸರಿಸಿ, ಕಾಂಡದ ಪಕ್ಕದ ಮಣ್ಣನ್ನು ಬೆರಳಿನಿಂದಲೇ ಕೆದಕಿ, ನಿಧಾನವಾಗಿ ತಿರುವುತ್ತಾ ಎಳೆದರು. ಅದು ಬಂತು, ಬಂತು, ಬರುತ್ತಲೇ ಇತ್ತು. ಮೇಲೆ ಗೇಣುದ್ದವಿದ್ದರೆ ಕೆಳಗೆ ಅದಕ್ಕಿಂತ ಉದ್ದದ, ಇಲಿಯ ಬಾಲದಂತೆ ಸಣ್ಣಗಾಗುತ್ತಾ ಹೋಗುವ ಬೇರು. "ಕತ್ತಿ ಹಾಕಬಾರದು, ಹಾಕಿದರೆ ಮುಂದಿನ ವರ್ಷ ಏಳುವುದಿಲ್ಲ" ಎಂದರು. "ಬೇರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದೆ. "ಗೆದ್ದಲಿನ ಮನೆಗೆ" ಎಂದರು.

ಅವರ ಮನೆಯ ಜಗಲಿಯಲ್ಲಿ ಕುಳಿತು ನಾನು ಅದನ್ನು ತಿಂದೆ. ಕಾಯಿ, ಒಣಮೆಣಸು, ಬೆಳ್ಳುಳ್ಳಿ ಅರೆದು ಹಾಕಿದ ಗಟ್ಟಿ ಸಾರು, ಜೊತೆಗೆ ಅಕ್ಕಿ ರೊಟ್ಟಿ. ಕಾಂಡ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು. ಹಾಗೆ ಬಿಡಿಸಿಕೊಳ್ಳುವ ಪದಾರ್ಥ ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಎಳೆ ಹಲಸು ಒಂದೇ. ರುಚಿ ಮಾತ್ರ ಹಲಸಿನದಲ್ಲ, ನಮ್ಮ ಮನೆಯ ಯಾವುದರದೂ ಅಲ್ಲ. ಮನೆಗೆ ಬಂದರೆ ಅಜ್ಜಿಗೆ ನನ್ನ ಕೈಯ ವಾಸನೆ ಸಾಕಾಯಿತು. ಬಾವಿಕಟ್ಟೆಯ ಬಳಿ ನಿಲ್ಲಿಸಿ ನಾಲ್ಕು ಕೊಡ ನೀರು ಸುರಿದರು, ಜೂನ್ ತಿಂಗಳ ನೀರು. ಬೈಗುಳವೆಲ್ಲ ನನಗಲ್ಲ, ಅಕ್ಕನಿಗೆ. ಅಕ್ಕ ಅಂಗಳದ ತುದಿಯಲ್ಲಿ ನಿಂತು ಕೇಳಿಸಿಕೊಂಡರು. ಆಮೇಲೆ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ತಮ್ಮ ಲೋಟವನ್ನು ತೆಗೆದುಕೊಂಡು ಬಂದರು. ಅಮ್ಮ ಎತ್ತರದಿಂದ ಅದಕ್ಕೆ ಚಹಾ ಹೊಯ್ದರು. ಪ್ರತಿದಿನದಂತೆ.

ಮಣ್ಣಿನಡಿಯ ಬೇಸಾಯ

ಅಕ್ಕ ಹೇಳಿದ ಆ 'ಗೆದ್ದಲಿನ ಮನೆ' ಎಂಬ ಮಾತು ಎಷ್ಟು ಸರಿಯಾದ ವಿಜ್ಞಾನ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹುತ್ತದ ಅಣಬೆಯ ಶಾಸ್ತ್ರೀಯ ಹೆಸರು ಟರ್ಮಿಟೋಮೈಸಿಸ್, ಗೆದ್ದಲಿನ ಶಿಲೀಂಧ್ರ ಎಂದೇ ಅರ್ಥ. ಒಂದು ಬಗೆಯ ಗೆದ್ದಲುಗಳು ಒಣ ಎಲೆ, ಕಟ್ಟಿಗೆಯನ್ನು ತಿಂದು ಗೂಡಿಗೆ ಬಂದು ಹಿಕ್ಕೆ ಹಾಕುತ್ತವೆ. ಆ ಹಿಕ್ಕೆಯನ್ನೇ ಒತ್ತಿ ಒತ್ತಿ, ಸ್ಪಂಜಿನಂತೆ ತೂತು ತೂತಾದ ಹಲ್ಲೆ ಕಟ್ಟುತ್ತವೆ. ಆ ಹಲ್ಲೆಯ ಮೇಲೆ ಶಿಲೀಂಧ್ರ ಬೆಳೆಯುತ್ತದೆ, ಗೆದ್ದಲಿಗೆ ದಕ್ಕದ ನಾರನ್ನು ಕರಗಿಸಿ ಮೆತ್ತಗೆ ಮಾಡುತ್ತದೆ. ಸಾಸಿವೆಗಿಂತ ಸಣ್ಣ ಬಿಳಿ ಗಂಟುಗಳು ಮೂಡುತ್ತವೆ, ಗೆದ್ದಲು ಅವನ್ನೂ ತಿನ್ನುತ್ತದೆ, ಹಳೆಯದಾದ ಹಲ್ಲೆಯನ್ನೂ ತಿನ್ನುತ್ತದೆ. ಮಳೆಗಾಲದಲ್ಲಿ ನೆಲದಿಂದ ತಲೆ ಎತ್ತುವ ಅಣಬೆ ಆ ತೋಟದ ಹೂವು ಅಷ್ಟೆ. ಈ ಬೇಸಾಯ ಶುರುವಾಗಿ ಸುಮಾರು 3 ಕೋಟಿ ವರ್ಷಗಳಾಗಿವೆ. ನಮ್ಮದು ಹೆಚ್ಚೆಂದರೆ ಹನ್ನೆರಡು ಸಾವಿರ.

ಅಂದರೆ ಅಮೇಧ್ಯಪ್ರಭವ ಎಂದ ಶ್ಲೋಕಕಾರನ ಮಾತು ಹುತ್ತದ ಅಣಬೆಯ ಮಟ್ಟಿಗೆ ಅಕ್ಷರಶಃ ನಿಜ, ಅದು ಹುಟ್ಟುವುದೇ ಹಿಕ್ಕೆಯ ಮೇಲೆ. ಆದರೆ ಅವನಿಗೆ ಕಾಣದೆ ಹೋದದ್ದು ಒಂದಿದೆ. ಆ ಹಿಕ್ಕೆಯ ತೋಟದಷ್ಟು ಚೊಕ್ಕಟವಾದ ಜಾಗ ಹುಡುಕಿದರೂ ಸಿಗುವುದಿಲ್ಲ. ಅದೇ ಹಲ್ಲೆಯೊಳಗೆ ಸೂಡೋಕ್ಸೈಲೇರಿಯಾ ಎಂಬ ಕಳೆ ಶಿಲೀಂಧ್ರವೂ ಅಡಗಿಕೊಂಡಿರುತ್ತದೆ. ಗೆದ್ದಲುಗಳು ಹಗಲಿರುಳು ನೆಕ್ಕಿ, ಕಿತ್ತು, ಅದು ತಲೆ ಎತ್ತದಂತೆ ನೋಡಿಕೊಳ್ಳುತ್ತವೆ. ಗೆದ್ದಲುಗಳನ್ನು ಬೇರೆ ಮಾಡಿ ಬರಿಯ ಹಲ್ಲೆಯನ್ನು ಇಟ್ಟರೆ ಕೆಲವೇ ದಿನಗಳಲ್ಲಿ ಆ ಕಳೆ ಇಡೀ ಹಲ್ಲೆಯನ್ನು ಮುತ್ತಿಕೊಳ್ಳುತ್ತದೆ. ಎಷ್ಟೆಲ್ಲ ಪ್ರಯೋಗಾಲಯಗಳಿದ್ದರೂ ಹುತ್ತದ ಅಣಬೆ ನಮ್ಮ ಹೊಲದ ಬೆಳೆಯಾಗಿಲ್ಲ. ಆ ರುಚಿ ಬೇಕಿದ್ದರೆ ಇವತ್ತಿಗೂ ಯಾರೋ ಒಬ್ಬ ಅಕ್ಕ ಬೆಟ್ಟಕ್ಕೆ ಹೋಗಬೇಕು.

ಹಸಿರು ಕಲೆ

ನಾನು ಬೆಳೆಯಲು ಹೊರಟದ್ದು ಅದನ್ನಲ್ಲ, ಚಿಪ್ಪಣಬೆಯನ್ನು. ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಬಿಳಿ ಗುಂಡಿ ಅಣಬೆಗೆ ಹದ ಮಾಡಿದ ಗೊಬ್ಬರ, ಅದರ ಮೇಲೆ ಮಣ್ಣಿನ ಹೊದಿಕೆ, 14ರಿಂದ 18 ಡಿಗ್ರಿ ಚಳಿ ಬೇಕು. ಅದು ಸೋಲನ್‌ನಂಥ ಬೆಟ್ಟದ ಊರಿನ ಬೆಳೆ, ಇಲ್ಲವೇ ದೊಡ್ಡ ಹವಾನಿಯಂತ್ರಣ ಯಂತ್ರವಿರುವವರ ಬೆಳೆ. ಹಾಲಣಬೆಗೆ ಸೆಕೆ ಬೇಕು, 30 ಡಿಗ್ರಿ ದಾಟಿದರೂ ಅದು ಬಾಡುವುದಿಲ್ಲ. ಬೆಂಗಳೂರಿನ ಬಚ್ಚಲಿಗೆ ಹೇಳಿ ಮಾಡಿಸಿದ್ದು ಚಿಪ್ಪಣಬೆಯೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬೀಜ ತಂದೆ. ಬೀಜ ಎನ್ನುತ್ತಾರೆ, ನಿಜವಾಗಿ ಅದು ಬೇಯಿಸಿದ ಧಾನ್ಯದ ಕಾಳಿಗೆ ಹಬ್ಬಿಸಿದ ಬಿಳಿ ಎಳೆ. ಹಾಲು ಹಾಕುವವರ ಕೊಟ್ಟಿಗೆಯಿಂದ ಎರಡು ಹೊರೆ ಭತ್ತದ ಹುಲ್ಲು ಬಂತು. ಹುಲ್ಲನ್ನು ಎರಡಂಗುಲಕ್ಕೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಮುಕ್ಕಾಲು ಗಂಟೆ ಬಿಸಿನೀರಿನಲ್ಲಿ ಬೇಯಿಸಿ, ನೀರು ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಹಿಡಿ ಬೀಜ, ಮತ್ತೆ ಹುಲ್ಲು, ಹೀಗೆ ತುಂಬಿ ಬಾಯಿ ಕಟ್ಟುವುದು. ಅಲ್ಲಲ್ಲಿ ತೂತು ಮಾಡಿ ಕತ್ತಲಲ್ಲಿ ನೇತುಹಾಕುವುದು. ಓದಿದರೆ ಚಿತ್ರಾನ್ನ ಮಾಡುವುದಕ್ಕಿಂತ ಸುಲಭ.

ಆರನೆಯ ದಿನ ಮೊದಲ ಚೀಲದ ಮಗ್ಗುಲಲ್ಲಿ ಒಂದು ಹಸಿರು ಕಲೆ ಕಂಡಿತು, ಎಂಟಾಣೆ ನಾಣ್ಯದಷ್ಟು. ಎಂಟನೆಯ ದಿನಕ್ಕೆ ಅಂಗೈಯಗಲ. ಹತ್ತನೆಯ ದಿನ ಇಡೀ ಚೀಲ ಪಾಚಿ ಕಟ್ಟಿದ ಕಲ್ಯಾಣಿಯಂತೆ ಕಾಣುತ್ತಿತ್ತು, ತೆರೆದರೆ ಹುಳಿ ವಾಸನೆ. ಅದು ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು. ತಮಾಷೆ ಏನೆಂದರೆ, ಅಡಿಕೆ ತೋಟದವರು ಇದನ್ನೇ ಕೊಳೆರೋಗಕಾರಕಗಳ ಶತ್ರುವೆಂದು ದುಡ್ಡು ಕೊಟ್ಟು ತಂದು ಮಣ್ಣಿಗೆ ಹಾಕುತ್ತಾರೆ. ನನ್ನ ಬಚ್ಚಲಿಗೆ ಪುಕ್ಕಟೆ ಬಂದಿತ್ತು. ಎರಡನೆಯ ಸಲದ ಮೂರು ಚೀಲಗಳೂ ಹಾಗೆಯೇ ಹೋದವು.

ಅಷ್ಟರಲ್ಲಿ ಅಮ್ಮ ಊರಿನಿಂದ ಬಂದರು. ಬಚ್ಚಲಿನಲ್ಲಿ ಏನು ನೇತಾಡುತ್ತಿದೆ ಎಂದು ಕೇಳಿದಾಗ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮೂಗು ಮುರಿದರು, ಅಡುಗೆಮನೆಯ ಪಾತ್ರೆ ಇದಕ್ಕೆ ಬಳಸಿದ್ದೀಯಾ ಎಂದು ವಿಚಾರಿಸಿದರು, ಬಳಸಿಲ್ಲ ಎಂದಮೇಲೆ ಸುಮ್ಮನಾದರು. ಮೂರನೆಯ ಸಲ ನಾನು ಹುಲ್ಲು ತುಂಬುವಾಗ ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವರು ತಡೆಯಲಾಗದೆ ಬಾಯಿಬಿಟ್ಟರು. "ಮಿಡಿ ಉಪ್ಪಿನಕಾಯಿ ಜಾಡಿಗೆ ಹೀಗೆ ಕೈ ಹಾಕುತ್ತೀಯಾ? ಈಗ ತಾನೆ ಫೋನು ಮುಟ್ಟಿದೆ, ಮೂಗು ಕೆರೆದುಕೊಂಡೆ, ಅದೇ ಕೈ." ನಾನು ಕೈ ನೋಡಿಕೊಂಡೆ. "ಹುಲ್ಲು ಇಷ್ಟು ಒದ್ದೆಯಾಗಿದ್ದರೆ ಬೂಷ್ಟು ಬಾರದೆ ಏನು ಮಾಡುತ್ತದೆ? ನಾಳೆ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಬಾ. ಅಲ್ಲಿಯವರೆಗೆ ಇದನ್ನು ಮುಟ್ಟಬೇಡ."

ಮರುದಿನ ಅಮ್ಮನ ಕಾರುಬಾರು. ಬಚ್ಚಲನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿದರು. ಬೇಯಿಸಿದ ಹುಲ್ಲನ್ನು ಒಗೆದ ಹಳೆಯ ಪಂಚೆಯ ಮೇಲೆ ನೆರಳಲ್ಲಿ ಹರಡಿಸಿದರು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡು ಎಂದರು. ಹನಿ ಬೀಳಬಾರದು, ಅಂಗೈ ಮಾತ್ರ ತೇವವಾಗಬೇಕು. ತಮಾಷೆಯ ಮಾತಲ್ಲ, ತರಬೇತಿ ಕೊಡುವವರೂ ಹುಲ್ಲಿನ ಹದಕ್ಕೆ ಇದೇ ಪರೀಕ್ಷೆ ಹೇಳುತ್ತಾರೆ. ಚೀಲ ಕಟ್ಟಿದ ಮೇಲೆ ಉಪ್ಪಿನಕಾಯಿ ಜಾಡಿಗೆ ಅಂಟಿಸುವಂತೆ ಒಂದೊಂದಕ್ಕೂ ತಾರೀಕು ಬರೆದ ಚೀಟಿ ಅಂಟಿಸಿದರು. ನಾನೊಬ್ಬನೇ ಒಳಗೆ ಹೋಗಬೇಕು, ಚಪ್ಪಲಿ ಹೊರಗೆ, ಮಕ್ಕಳು ಇಣುಕಬಾರದು. ಎರಡೂವರೆ ವಾರಕ್ಕೆ ಐದೂ ಚೀಲಗಳು ಹತ್ತಿ ತುಂಬಿದ ದಿಂಬಿನಂತೆ ಬೆಳ್ಳಗಾದವು. ಪ್ಲಾಸ್ಟಿಕ್ ಸೀಳಿ ನೀರು ಚಿಮುಕಿಸತೊಡಗಿದ ನಾಲ್ಕನೆಯ ದಿನ ಗುಂಡುಸೂಜಿಯ ತಲೆಗಳು, ಏಳನೆಯ ದಿನಕ್ಕೆ ಒಂದರ ಮೇಲೊಂದು ಪೇರಿಸಿದ ಬೂದು ಚಿಪ್ಪುಗಳು. ಮೂರು ಕೊಯ್ಲಿಗೆ ಒಟ್ಟು ಮೂರೂವರೆ ಕಿಲೋ. ಒಂದು ಕಿಲೋ ಒಣಹುಲ್ಲಿಗೆ ಅರ್ಧದಿಂದ ಒಂದು ಕಿಲೋ ಎನ್ನುವ ಲೆಕ್ಕ, ನಾನು ಹಾಕಿದ್ದು ಐದು ಕಿಲೋ, ಹಾಗಾಗಿ ಮೋಸವಿಲ್ಲ. ಒಂದು ದಿನ ತಡಮಾಡಿ ಅಂಚು ತೆಳುವಾಗಿ ಮುರುಟಿದ ಮೇಲೆ ಕೊಯ್ದದ್ದಕ್ಕೆ ಬಚ್ಚಲ ತುಂಬ ಬಿಳಿ ಧೂಳು ಹಾರಿ ಎರಡು ದಿನ ಕೆಮ್ಮಿದೆ. ಆ ಧೂಳು ಅಣಬೆಯ ಬೀಜಕಗಳು. ದೊಡ್ಡದಾಗಿ ಬೆಳೆಯುವವರಿಗೆ ಇದು ಶ್ವಾಸಕೋಶದ ಕಾಯಿಲೆಯನ್ನೇ ತರಬಲ್ಲದು, ಮುಖಗವಸು ಇಲ್ಲದೆ ಕೋಣೆಗೆ ಹೋಗಬಾರದು.

ಈಗ ದೊಡ್ಡಪ್ಪನ ಪ್ರಶ್ನೆಗೆ ಬರುತ್ತೇನೆ. ಅಮ್ಮ ನನ್ನಿಂದ ಮಾಡಿಸಿದ್ದು ಮಡಿಯಲ್ಲದೆ ಇನ್ನೇನು? ಸ್ನಾನ, ಒಗೆದ ಬಟ್ಟೆ, ಮುಟ್ಟಬೇಡ, ಇಣುಕಬೇಡ, ಎಲ್ಲವೂ ಅದೇ. ಶಾಸ್ತ್ರ ಮೈಲಿಗೆ ಎಂದ ವಸ್ತುವನ್ನು ಬೆಳೆಯಲು ಮಡಿಯೇ ಬೇಕಾಯಿತು ಎಂದು ಮೊದಲು ನನಗೆ ಬಹಳ ಖುಷಿಯಾಯಿತು, ಹತ್ತಾರು ಜನರಿಗೆ ಹೇಳಿಕೊಂಡು ತಿರುಗಿದೆ. ಕೇಳಿದವರಲ್ಲಿ ಒಬ್ಬರು, "ನೋಡಿ, ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ" ಎಂದರು. ಅಲ್ಲಿಗೆ ನನ್ನ ಖುಷಿ ಇಳಿಯಿತು. ನಾನು ಹೇಳಬೇಕೆಂದಿದ್ದದ್ದು ಅದಲ್ಲ. ಹಸಿರು ಬೂಷ್ಟು ನನ್ನ ಗೋತ್ರ ಕೇಳಲಿಲ್ಲ. ಸ್ನಾನ ಮಾಡಿದ ಯಾರು ಕಟ್ಟಿದ್ದರೂ ಆ ಚೀಲ ಬೆಳ್ಳಗಾಗುತ್ತಿತ್ತು, ಫೋನು ಮುಟ್ಟಿದ ಯಾರು ಕಟ್ಟಿದ್ದರೂ ಹಾಳಾಗುತ್ತಿತ್ತು. ಅಜ್ಜಿ ಬಾವಿಕಟ್ಟೆಯಲ್ಲಿ ನನ್ನ ಮೈಮೇಲೆ ಸುರಿದ ನಾಲ್ಕು ಕೊಡ ನೀರು ತೊಳೆಯಲು ಹೊರಟದ್ದು ಅಣಬೆಯನ್ನಲ್ಲ, ಅಕ್ಕನ ಜಗಲಿಯನ್ನು. ದೊಡ್ಡಪ್ಪನದೂ ಅದೇ ಲೆಕ್ಕ. ಅವರಿಗೆ ಅಣಬೆ ಎಂದೂ ತೊಂದರೆಯಾಗಿರಲೇ ಇಲ್ಲ. ಒಂದೇ ಪದವನ್ನು ಎರಡು ಬೇರೆ ಕೆಲಸಗಳಿಗೆ ಬಳಸುತ್ತಾ ಬಂದಿದ್ದೇವೆ, ಒಂದರ ಮರೆಯಲ್ಲಿ ಇನ್ನೊಂದು ಚೆನ್ನಾಗಿ ಬಾಳಿಕೊಂಡಿದೆ.

ಔಷಧವೋ, ಪಲ್ಯವೋ

ಅಣಬೆ ಈಗ ಸಸ್ಯಾಹಾರದ ಕಡೆ ಬಂದು ಸೇರಿರುವುದಕ್ಕೆ ಆರೋಗ್ಯದ ಮಾತೂ ಒಂದು ಕಾರಣ. ಅಮ್ಮನ ವಾಟ್ಸಾಪಿಗೆ ಬರುವ ಸಂದೇಶಗಳ ಪ್ರಕಾರ ಅಣಬೆ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮಂಡಿನೋವು ಎಲ್ಲಕ್ಕೂ ಮದ್ದು. ಪರಿಚಯದವರೊಬ್ಬರು ಅಣಬೆಯ ಪುಡಿ ತುಂಬಿದ ಕ್ಯಾಪ್ಸೂಲುಗಳನ್ನು ಮನೆಗೇ ತಂದು, ನಾವೂ ನಾಲ್ಕು ಜನರನ್ನು ಸೇರಿಸಿದರೆ ರಿಯಾಯಿತಿ ಎಂದರು. ಚಹಾ ಕೊಟ್ಟು ಕಳುಹಿಸಿದೆವು. ಇದ್ದದ್ದನ್ನು ಇದ್ದಂತೆ ಹೇಳಿದರೆ ಅಣಬೆಗೇನೂ ಅವಮಾನವಿಲ್ಲ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ನೂರು ಗ್ರಾಂನಲ್ಲಿ ಪ್ರೋಟೀನ್ ಮೂರು ಗ್ರಾಂ ಆಸುಪಾಸು. 'ಮಾಂಸಕ್ಕೆ ಸಮ' ಎನ್ನುವವರು ಒಣಗಿಸಿದ ತೂಕದ ಲೆಕ್ಕ ಹೇಳುತ್ತಿರುತ್ತಾರೆ, ನಾವು ತಿನ್ನುವುದು ಹಸಿಯದನ್ನು. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ನಾರು ಇದೆ, ಪೊಟ್ಯಾಸಿಯಂ ಇದೆ, ಕೆಲವು ಬಿ ಜೀವಸತ್ವಗಳಿವೆ. ಬಿ12 ಸಿಗುತ್ತದೆಂದು ನಂಬಿ ಕುಳಿತರೆ ಸಸ್ಯಾಹಾರಿಗಳು ಮೋಸಹೋಗುತ್ತಾರೆ. ಅಣಬೆಯ ಜೀವಕೋಶದ ಗೋಡೆಯಲ್ಲಿರುವುದು ಸಿಗಡಿಯ ಚಿಪ್ಪಿನಲ್ಲಿರುವಂಥದೇ ಕೈಟಿನ್, ಹಾಗಾಗಿ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ನನಗೆ ನಿಜವಾಗಿ ಬೆರಗು ಹುಟ್ಟಿಸಿದ ಗುಣ ಒಂದೇ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತುವಿದೆ, ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಅದು ಡಿ2 ಜೀವಸತ್ವವಾಗುತ್ತದೆ. ಕೊಯ್ದ ಅಣಬೆಯನ್ನು ಪದರಗಳು ಮೇಲಾಗುವಂತೆ ಮಗುಚಿ ಮಧ್ಯಾಹ್ನದ ಬಿಸಿಲಲ್ಲಿ ಇಟ್ಟರೂ ಆಗುತ್ತದೆ. ಸತ್ತ ಮೇಲೂ ಬಿಸಿಲು ಕಾಯಿಸಿಕೊಳ್ಳುವ ತರಕಾರಿ. ಅಮ್ಮನಿಗೆ ಡಿ ಜೀವಸತ್ವ ಕಡಿಮೆ ಎಂದು ವೈದ್ಯರು ಹೇಳಿದ್ದಾರೆ. ಮಹಡಿಯ ಮೇಲೆ ಹಪ್ಪಳದಂತೆ ಅಣಬೆ ಹರಡಿ, ಕಾಗೆ ಓಡಿಸಲು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತರು. ಅಣಬೆ ಕೆಳಗಿನ ಮನೆಯವರಿಗೆ ಹೋಯಿತು, ಬಿಸಿಲು ಅಮ್ಮನಿಗೆ ಸಿಕ್ಕಿತು. ಇವತ್ತಿನವರೆಗೂ ಒಂದು ಚೂರನ್ನೂ ಬಾಯಿಗೆ ಹಾಕಿಲ್ಲ.

ಕೊಯ್ಲು ಮುಗಿದ ಹುಲ್ಲನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತೇವೆ. ಹೋದ ಮಳೆಯಲ್ಲಿ ಅಲ್ಲಿ ತಾನಾಗಿಯೇ ಒಂದು ಗುಂಪು ಎದ್ದಿತು. ತೆಳ್ಳನೆಯ ಉದ್ದ ಕಾಂಡ, ಬೂದು ಟೋಪಿ. ಚಿಪ್ಪಣಬೆಯಲ್ಲ ಎಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಕೆಳಗಿನ ಮನೆಯವರು, "ಅರಿಶಿನ ಹಾಕಿ ಕುದಿಸಿ, ಬಣ್ಣ ತಿರುಗದಿದ್ದರೆ ತಿನ್ನಬಹುದು" ಎಂದರು. ಬೆಳ್ಳಿ ಕಾಸು ಹಾಕುವುದು, ಹುಳು ತಿಂದಿದೆಯೇ ಎಂದು ನೋಡುವುದು, ಇಂಥ ಪರೀಕ್ಷೆಗಳು ಎಲ್ಲ ಊರುಗಳಲ್ಲೂ ಇವೆ, ಒಂದನ್ನೂ ನಂಬುವಂತಿಲ್ಲ. ಯಕೃತ್ತನ್ನೇ ಕೊಲ್ಲುವ ಅಮಾನಿಟಾ ಜಾತಿಯ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆಗೂ ಹೆಚ್ಚು ಹೊತ್ತು ಏನೂ ಆಗದೆ, ಆಮೇಲೆ ವಾಂತಿ ಶುರುವಾಗುತ್ತದೆ. ಅಕ್ಕನ ಬಳಿ ಯಾವ ಪರೀಕ್ಷೆಯೂ ಇರಲಿಲ್ಲ. ಗೊತ್ತಿರುವ ಹುತ್ತ, ಗೊತ್ತಿರುವ ಬೇರು, ಅಷ್ಟೇ. ಪಾರ್ಕಿನ ಹುಲ್ಲಿನಲ್ಲಿ ಎದ್ದ ಬಿಳಿ ಕೊಡೆಯನ್ನು ಕಂಡಿದ್ದರೆ ಅವರು ದಾಟಿಕೊಂಡು ಹೋಗುತ್ತಿದ್ದರು.

ತಿನ್ನುವುದಕ್ಕಲ್ಲ, ಯಾವುದೆಂದು ತಿಳಿಯುವ ಕುತೂಹಲಕ್ಕೆ ಒಂದರ ಟೋಪಿ ಕತ್ತರಿಸಿ, ಬಿಳಿ ಕಾಗದದ ಮೇಲೆ ಬೋರಲಾಗಿ ಇಟ್ಟು, ಗಾಳಿ ತಾಗದಂತೆ ಒಂದು ಸ್ಟೀಲು ಲೋಟ ಮುಚ್ಚಿ ಮಲಗಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಕಾಗದದ ಮೇಲೆ ಕಾಡಿಗೆಯಂಥ ಕಪ್ಪು ಪುಡಿ, ಚಕ್ರದ ಅರೆಗಳಂತೆ ಗೆರೆ ಗೆರೆಯಾಗಿ ಬಿದ್ದಿತ್ತು. ಟೋಪಿ ಅರ್ಧ ಕರಗಿ ಶಾಯಿಯಾಗಿತ್ತು. ಹುಲ್ಲಿನಲ್ಲಿ ಕಳೆಯಾಗಿ ಬರುವ ಶಾಯಿ ಅಣಬೆ. ಅಮ್ಮನನ್ನು ಕರೆದು ತೋರಿಸಿದೆ. ರಂಗೋಲಿ ನೋಡಿದಂತೆ ಬಗ್ಗಿ ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ಆ ಲೋಟವನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ, ಹುಣಸೆಹಣ್ಣು ಹಚ್ಚಿ ಮೂರು ಸಲ ತೊಳೆದರು. ಒಳಗೆ ತರಲಿಲ್ಲ. ಹಿಂದಿನ ಕಿಟಕಿಯ ಸರಳುಗಳ ಸಂದಿಯಲ್ಲಿ ಬೋರಲಾಗಿ ಸಿಕ್ಕಿಸಿದರು. "ಅಲ್ಲೇ ಇರಲಿ" ಎಂದರು, "ಗಿಡಕ್ಕೆ ನೀರು ಹಾಕಲು ಆಗುತ್ತದೆ."